ನೀರು ತಾಗಬಾರದ ಕಲ್ಲು

ಬೆಳಗಿನ ಐದೂವರೆ. ಬರೋಡ ಸ್ಟೇಷನ್ನಿನ ಆಚೆ, ತಗಡಿನ ಗೋದಾಮಿನ ಮುಂದೆ ಅಂಕಲೇಶ್ವರದ ಲಾರಿ ಬಂದು ನಿಂತಿದೆ. ಗುಂಡಪ್ಪ ಮರದ ಪೆಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿಕೊಳ್ಳುತ್ತಾರೆ. ಒಳಗಿರುವುದು ಕಲ್ಲು. ಎಣ್ಣೆ ಹುಡುಕಿ ಭೂಮಿ ಕೊರೆದಾಗ ಸಾವಿರ ಮೀಟರಿನ ಆಳದಿಂದ ಮೇಲೆ ಬಂದ, ತೋಳಿನ ಗಾತ್ರದ ದುಂಡನೆಯ ತುಂಡುಗಳು. ಅವನ್ನು ಒರೆಸಿ, ಆಳದ ಗುರುತು ಹಾಕಿ, ಸಾಲಾಗಿ ಜೋಡಿಸುವುದು ಅವರ ಕೆಲಸ. ದಿನಕ್ಕೆ ಮೂವತ್ತು ಪೆಟ್ಟಿಗೆ, ಒಮ್ಮೊಮ್ಮೆ ನಲವತ್ತು.

ಇವತ್ತು ಇನ್ನೊಂದು ಕೆಲಸವೂ ಇದೆ. ಜೊತೆಗೆ ದುಡಿಯುವ ಮಣಿಬೆನ್ ವಸಾವಾ ಅವರನ್ನು ಕಾಯಂ ಮಾಡಬೇಕೆಂಬ ಅರ್ಜಿ ಹನ್ನೊಂದು ಗಂಟೆಯೊಳಗೆ ಆಫೀಸು ಸೇರಬೇಕು. ಸೇರದಿದ್ದರೆ, ಸೇರಿಯೂ ಒಪ್ಪದಿದ್ದರೆ, ತಿಂಗಳ ಕೊನೆಗೆ ಉಳಿದ ದಿನಗೂಲಿಯವರ ಜೊತೆ ಅವರೂ ಮನೆಗೆ.

ಅಷ್ಟರಲ್ಲಿ ಝರಿಯಾದ ಕಲ್ಲಿದ್ದಲು ಗಣಿಯಿಂದ ನಿನ್ನೆಯಷ್ಟೇ ಬಂದ ಹೊಸಬ ದಾಮೋದರ ಬಕೆಟ್ಟಿನಲ್ಲಿ ನೀರು ಹೊತ್ತು ತರುತ್ತಾನೆ. "ಪಾನೀ ನಹೀ ಭಾಯಿ, ಪಾನೀ ನಹೀ!" ಗುಂಡಪ್ಪ ಕೂಗಿಕೊಂಡು ಓಡುತ್ತಾರೆ. ಆಮೇಲೆ ತಾವೇ ನಗುತ್ತಾರೆ. "ಪಾಪ, ಅವನ ತಪ್ಪಲ್ಲ. ಎರಡು ವರ್ಷದ ಹಿಂದೆ ನಾನೂ ಹಿಂಗೇ ಬಕೆಟ್ ಹಿಡ್ಕೊಂಡು ನಿಂತಿದ್ದೆ."

ಗುಂಡಪ್ಪ ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಕೂಲಿಕಾರರ ಸಾಲುಮನೆಯಲ್ಲಿ, ಲೈನಿನಲ್ಲಿ. ಅಜ್ಜ ಮಾಲೂರಿನ ಕಡೆಯಿಂದ ನಡೆದುಕೊಂಡು ಬಂದು ಗಣಿ ಸೇರಿದವರು. "ನಮ್ಮ ಸಾಲಲ್ಲಿ ಎಂಟು ಮನೆ ತಮಿಳರು, ಮೂರು ಮನೆ ತೆಲುಗರು. ಕನ್ನಡದ್ದು ನಮ್ಮದೊಂದೇ. ಕನ್ನಡ ಸೀಮೇಲೇ ನಾವು ಪರದೇಶಿಗಳು! ಆದ್ರೆ ಒಳಗಿಳಿದ ಮೇಲೆ ಯಾರು ಯಾವೂರು ಅಂತ ಯಾರೂ ಕೇಳ್ತಿರಲಿಲ್ಲ. ಕತ್ತಲೇಲಿ ಪಕ್ಕದವನ ಕೆಮ್ಮು ಕೇಳಿಸ್ತಾ ಇದ್ರೆ ಸಾಕು."

ಇಪ್ಪತ್ತು ವರ್ಷ ಕೆಳಗಿಳಿದರು. ಎದೆಯಲ್ಲಿ ಕಲ್ಲಿನ ಧೂಳು ಕೂತಿತು. ಇನ್ನು ಇಳಿಯಕೂಡದು ಎಂದರು ಡಾಕ್ಟರು. ಕೆಲಸದ ಜೊತೆಗೆ ಲೈನಿನ ಕೋಣೆಯೂ ಹೋಯಿತು. ೧೯೬೩ರಲ್ಲಿ ಹೆಂಡತಿ ತಾರಾ ಮತ್ತು ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಇಲ್ಲಿಗೆ ಬಂದರು. ಮೊದಲ ಆರು ತಿಂಗಳು ಪರೀಕ್ಷೆಯ ಮೇಲೆ ಕೆಲಸ, ತಪ್ಪಿದರೆ ಹೊರಗೆ. ಹಿಂದಿರುಗಲು ಮನೆಯಿರಲಿಲ್ಲ.

ಎರಡನೆಯ ವಾರವೇ ಎಡವಟ್ಟಾಯಿತು. ಕೋಲಾರದ ಕಲ್ಲು ಗಟ್ಟಿ. ತೊಳೆದರೇ ಅದರಲ್ಲಿನ ಚಿನ್ನದ ಗೆರೆ ಕಾಣುವುದು. ಇಲ್ಲಿಯೂ ಹಾಗೆಯೇ ಒಂದು ಪೆಟ್ಟಿಗೆಯಷ್ಟನ್ನು ಚೆನ್ನಾಗಿ ತೊಳೆದು, ನೀರು ತುಂಬಿದ ತೊಟ್ಟಿಯಲ್ಲಿ ನೆನೆಯಲು ಬಿಟ್ಟರು. "ಚಾ ಕುಡಿದು ಬಂದೆ. ಕಲ್ಲೇ ಇಲ್ಲ! ತೊಟ್ಟಿ ತುಂಬಾ ಕೆಸರು. ಮೊಣಕೈವರೆಗೆ ಕೈ ಹಾಕಿ ತಡಕಾಡಿದೆ, ಏನೂ ಸಿಗಲಿಲ್ಲ."

ಅಲ್ಲಿದ್ದ ಮಣಿಬೆನ್ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. "ಅರೆ ಮದ್ರಾಸಿ, ಇದು ನಮ್ಮ ಹೊಲದಡಿಯ ಜೇಡಿ. ಇನ್ನೊಂದು ಚೂರು ನೀರು ಹಾಕು, ರೊಟ್ಲಾ ತಟ್ಟಿಕೊಡ್ತೀನಿ!"

ಅವರ ಊರು ಅಂಕಲೇಶ್ವರದ ಹತ್ತಿರ. ಮೊದಲ ಬಾವಿ ಕೊರೆದ ದಿನದಿಂದ ಈ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತವರು. ಗೋದಾಮಿನಲ್ಲಿ ಅಸ್ಸಾಮಿನ ದಿಗ್ಬೋಯಿಯವರಿದ್ದಾರೆ, ಝರಿಯಾದವರಿದ್ದಾರೆ, ಕೋಲಾರದವರಿದ್ದಾರೆ. ಹೊರಗಿನಿಂದ ಬಂದವರೆಲ್ಲ ಕಾಯಂ ಆದರು. ಆ ನೆಲದವರು ಮಾತ್ರ ಇನ್ನೂ ದಿನಗೂಲಿ.

ನಕ್ಕು ಮುಗಿಸಿದ ಮಣಿಬೆನ್ ಅರ್ಧ ದಿನ ಪಕ್ಕದಲ್ಲಿ ಕೂತು ಕಲಿಸಿದರು. ಒಣ ಬಟ್ಟೆಯಲ್ಲಿ ಒರೆಸಬೇಕು. ಉಗುರಿನಲ್ಲಿ ಗೀರಬೇಕು, ಗೆರೆ ಮೂಡಿದರೆ ಜೇಡಿ, ಅದಕ್ಕೆ ಬೆವರಿನ ಕೈಯೂ ತಾಗಬಾರದು. ಸಂಜೆ ಇಬ್ಬರೂ ಹೋಗಿ ಭೂವಿಜ್ಞಾನಿ ಅನಂತರಾಮ ಅವರ ಮುಂದೆ ನಿಂತರು.

"ಇವರಿಗೆ ಯಾರಾದ್ರೂ ಮೊದಲೇ ಹೇಳಿಕೊಟ್ಟಿದ್ರೇನ್ರೀ?" ಅನಂತರಾಮ ಸಿಬ್ಬಂದಿಯನ್ನು ಕೇಳಿದರು. ಇಲ್ಲ ಎಂದರು ಅವರು. "ಹಾಗಿದ್ರೆ ತಪ್ಪು ನಮ್ಮದೂ ಹೌದು" ಎಂದು ಅನಂತರಾಮ ಗೋದಾಮಿನ ದಾಖಲೆ ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡರು.

"ಆ ಇಬ್ಬರಿಂದ ನನ್ನ ಮಕ್ಕಳ ತಲೆ ಮೇಲೆ ಸೂರು ಉಳೀತು," ಎನ್ನುತ್ತಾರೆ ಗುಂಡಪ್ಪ. "ಆಮೇಲೆ ಒಂದು ಚೂರೂ ಕೆಡಿಸಿಲ್ಲ."

ಹತ್ತೂವರೆಗೆ ಅರ್ಜಿ ಅನಂತರಾಮ ಅವರ ಮೇಜಿನ ಮೇಲಿದೆ. ಅನುಭವ ಎಂಬಲ್ಲಿ ಗುಮಾಸ್ತರು 'ಇಲ್ಲ' ಎಂದು ತುಂಬಿದ್ದಾರೆ. ಮಣಿಬೆನ್ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ಇರಲಿ ಬಿಡಿ ಸಾಹೇಬ್, ನಾನೆಲ್ಲಿ ಶಾಲೆಗೆ ಹೋದವಳು," ಎನ್ನುತ್ತಾರೆ.

"ಅದನ್ನ ಹೊಡೆದುಹಾಕಿ ಸಾರ್," ಎನ್ನುತ್ತಾರೆ ಗುಂಡಪ್ಪ.

"ಹೊಡೆದು ಏನಂತ ಬರೀಲ್ರೀ?"

"ಇಪ್ಪತ್ತು ವರ್ಷ ಗಣಿ ಕೆಲಸ ಮಾಡಿದವನಿಗೆ ಕಲ್ಲು ಹಿಡಿಯೋದು ಕಲಿಸಿದಾರೆ ಅಂತ ಬರೀರಿ. ಸಾಕ್ಷಿಗೆ ನಾನಿದೀನಿ."

ಅನಂತರಾಮ 'ಇಲ್ಲ' ಎಂಬುದನ್ನು ಹೊಡೆದು, ಹಾಗೆಯೇ ಬರೆಯುತ್ತಾರೆ. ಮಣಿಬೆನ್ ಹೆಬ್ಬೆಟ್ಟು ಒತ್ತುತ್ತಾರೆ. ಅದರ ಪಕ್ಕದಲ್ಲಿ ಗುಂಡಪ್ಪ ನಿಧಾನವಾಗಿ, ಕನ್ನಡದಲ್ಲಿ, ತಮ್ಮ ಪೂರ್ತಿ ಹೆಸರು ಬರೆಯುತ್ತಾರೆ.