ಅತ್ತೆಯ ಬೆರಳು ನಂಬಿದ ಮೀನು

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಮೂರು ದಿನದಿಂದ ನಾವು ಹಿಡಿಯಲು ಒದ್ದಾಡುತ್ತಿದ್ದ ನೀಲಿ ಮೀನಿಗೆ ಅತ್ತೆ ಕದ್ದು ಬೆರಳ ತುದಿಯಿಂದ ಆಹಾರ ಹಾಕುತ್ತಿದ್ದರು. ಲಾಕ್‌ಡೌನಿನಲ್ಲಿ ವಿಮಾನಗಳು ನಿಂತು, ಊರಿಗೆ ಮರಳಲಾಗದೆ ಅವರು ಈ ದೂರದೇಶದ ಕ್ಲಾಂಡಾಲ್ಕಿನ್‌ನ ನಮ್ಮ ಮನೆಯಲ್ಲೇ ಉಳಿದಿದ್ದರು. ಆ ನೀಲಿ ಮೀನು ಅಕ್ವೇರಿಯಂನ ಪುಟ್ಟ ಕಿತ್ತಳೆ ಮೀನಿನ ರೆಕ್ಕೆಯನ್ನು ಅರ್ಧ ಹರಿದುಹಾಕಿತ್ತು. ಇನ್ನೆರಡು ದಿನ ಹೀಗೇ ಬಿಟ್ಟರೆ ಕಿತ್ತಳೆ ಮೀನು ಉಳಿಯುವಂತಿರಲಿಲ್ಲ. ಅದರೊಳಗಿನ ಹವಳದ ಬಂಡೆಗಳ ಸಂದಿಯಲ್ಲಿ ಬಲೆ ಆಡದು. ಹಾಗಾಗಿ ದಾರ ಬಿಟ್ಟರೆ ಬಾಗಿಲು ಬೀಳುವ ಡಬ್ಬಿಯನ್ನು ನೀರಿಗಿಳಿಸಿ, ಅದರೊಳಗೆ ಮಾತ್ರ ಆಹಾರವಿಟ್ಟು ಕಾಯುತ್ತಿದ್ದೆವು.

"ಹೊರಗೇ ಹೊಟ್ಟೆ ತುಂಬಿದ್ರೆ ಅದ್ಯಾಕೆ ಡಬ್ಬಿಯೊಳಗೆ ಹೋಗುತ್ತೆ, ಅತ್ತೆ?"

"ಜಗಳಗಂಟ ಅಂತ ಉಪವಾಸ ಕೆಡವ್ತಾರೇನೇ? ನನ್ನ ಕೈಲಾಗಲ್ಲಮ್ಮ."

ನಾನು ಗಾಯದ ಮೀನನ್ನು ತೋರಿಸಿದೆ. ಅತ್ತೆ ಬಹಳ ಹೊತ್ತು ನೋಡಿದರು. ಆಮೇಲೆ ಚಿಟಿಕೆ ಆಹಾರ ಹಿಡಿದು, ಬೆರಳನ್ನು ತಾವೇ ಮೇಲಿನಿಂದ ಡಬ್ಬಿಯೊಳಗೆ ಇಳಿಸಿದರು. ನೀಲಿ ಮೀನು ಒಂದಿಷ್ಟೂ ಅನುಮಾನಿಸದೆ ಆ ಬೆರಳಿನ ಬಳಿಗೆ ಬಂತು. ನಾನು ದಾರ ಬಿಟ್ಟೆ. ಬಾಗಿಲು ಬಿತ್ತು.

ಕಿತ್ತಳೆ ಮೀನು ಬದುಕಿತು. ನೀಲಿ ಮೀನನ್ನು ದೊಡ್ಡ ತೊಟ್ಟಿಯಿದ್ದ ಗೆಳೆಯರೊಬ್ಬರು ಗೇಟಿನ ಬಳಿ ಬಂದು ಒಯ್ದರು; ಅತ್ತೆ ಅದರ ಜೊತೆಗೆ ಎರಡು ಹೊತ್ತಿನ ಆಹಾರವನ್ನೂ ಪೊಟ್ಟಣ ಕಟ್ಟಿಕೊಟ್ಟರು. "ನನ್ನ ನಂಬಿ ಬಂತು ಕಣೇ" ಎಂದು ಅವರು ಹೇಳಿದ್ದು ಒಂದೇ ಸಲ. ಆ ದಿನವೆಲ್ಲ ಮತ್ತೆ ಅಕ್ವೇರಿಯಂನ ಹತ್ತಿರ ಹೋಗಲಿಲ್ಲ.