ಗ್ರಹಣದ ದಿನ ಸಭಾಭವನ ಬಂದ್

ಜಮಖಾನ ತೊಳೆಯುವವರು ಯಾರು?

ನಗಬೇಡಿ. ಹೋದ ವಾರ ನಮ್ಮ ಗುಡಗೇರಿಯಲ್ಲಿ ಲೇಡಿ ಡಾಕ್ಟರ ಭಾಷಣ ನಿಂತುಹೋದದ್ದು ಇದೇ ಪ್ರಶ್ನೆಯಿಂದ.

ಸೂರ್ಯಗ್ರಹಣದ ಮಧ್ಯಾಹ್ನ ಊರಿನ ಬಸುರಿಯರನ್ನೆಲ್ಲ ಸಭಾಭವನದಲ್ಲಿ ಕೂಡಿಸಬೇಕು ಎಂಬುದು ಅವರ ಆಸೆ. ಸೂರ್ಯ ಮುಚ್ಚಿರುವಾಗಲೇ ಮಾತು, ಅಲ್ಲಿಯೇ ಚುರುಮುರಿ, ಚಹಾ. ಗ್ರಹಣವೆಂದರೆ ಬರೀ ನೆರಳು, ಅದಕ್ಕೆ ಹೆದರಿ ನೀರು ಕುಡಿಯುವುದನ್ನು ಬಿಡಬೇಡಿ ಎನ್ನುವುದಷ್ಟೇ ಅವರ ವಿಚಾರ. ಹೆರಿಗೆಗೆಂದು ತವರಿಗೆ ಬಂದಿರುವ ನನ್ನ ತಂಗಿ ಗಿರಿಜಾಳೂ ಹೊರಟಿದ್ದಳು. ಓಣಿಯವರೆಲ್ಲ ಹೋಗುತ್ತಾರೆಂದು ಅವ್ವನೂ ಒಪ್ಪಿದ್ದಳು.

ಮುನ್ನಾದಿನ ಬುಕಿಂಗ್ ಕ್ಯಾನ್ಸಲ್!

ಭವನದ ಕಮಿಟಿಯ ಚೇರಮನ್ ಬಸಣ್ಣ ಕಾಕಾನ ಅಂಗಡಿಗೆ ಓಡಿದೆ. (ಕಾಳಿನ ವ್ಯಾಪಾರಿ. ನನ್ನನ್ನು ಎತ್ತಿ ಆಡಿಸಿದವರು, ಅವರೊಂದಿಗೆ ಜಗಳಾಡುವಂತೆಯೂ ಇಲ್ಲ.)

"ಹಾಲ್ ಯಾಕ ಕೊಡಂಗಿಲ್ರಿ ಕಾಕಾ?"

"ಗ್ರಹಣದಾಗ ಕುಂತು ತಿಂದ್ರ ಜಮಖಾನಿ ಮೈಲಿಗಿ ಆಗತಾವಲೇ ತಮ್ಮಾ. ಅಷ್ಟೂ ತೊಳಿಯಾವ್ರು ಯಾರು?"

"ನಾನ ತೊಳಿತೇನ್ರಿ."

ಕಾಕಾ ತಕ್ಕಡಿ ಕೆಳಗಿಟ್ಟರು. "ಜಮಖಾನಿ ಹಾಳಾಗಿ ಹೋಗ್ಲಿ. ಆ ಡಾಕ್ಟರ್ ಬಾಯಿ ವಿಚಾರ ನಮಗ ಬ್ಯಾಡ. ನಾಳೆ ಯಾರದರ ಕೂಸಿಗೆ ಹೆಚ್ಚುಕಡಿಮಿ ಆದ್ರ ಹಾಲ್‌ದ ಹೆಸರು ಕೆಡತೈತಿ."

ಹೆಸರು ಕೆಡುತ್ತದೆಯಂತೆ! ಇದೇ ಭವನದಲ್ಲಿ ಎಲೆಕ್ಷನ್ನಿನ ಸುಳ್ಳುಗಳನ್ನು ಎಲ್ಲ ಪಕ್ಷದವರಿಂದಲೂ ಕೇಳಿದ್ದೇವೆ. ಮಳೆಗಾಲವಿಡೀ ಇಸ್ಪೀಟು ನಡೆಯುತ್ತದೆ. ಊರವರೆಲ್ಲ ವರ್ಗಣಿ ಹಾಕಿ ಕಟ್ಟಿದ ಭವನ, ನೀರು ಕುಡಿಯಿರಿ ಎಂದರೆ ಮಾತ್ರ ಬಾಗಿಲಿಗೆ ಕೀಲಿ!

ಕುಂದಗೋಳದ ವಕೀಲ ಗೆಳೆಯನ ಬಳಿ ಹೋದೆ.

"ಅಸ್ಪೃಶ್ಯರು ಅಂತ ಹೊರಗ ಹಾಕಿದ್ರ ಕಾಯ್ದೆ ಐತಿ, ನಾಳೇನ ಕೇಸ್ ಹಾಕೂಣು. ಡಾಕ್ಟರ್ ಬಾಯಿ ಜಾತಿ ಕೇಳ್ಯಾರೇನು?" ಎಂದ.

"ಇಲ್ಲೋ. ವಿಚಾರ ನೋಡಿ ಬ್ಯಾಡ ಅಂದಾರ."

"ಹಂಗಾರ ಯಾವ ಕಲಂ ಹಚ್ಚಲೋ ಮಾರಾಯಾ?"

ಮೈಯೆಲ್ಲ ಉರಿದುಹೋಯಿತು. ಹುಟ್ಟನ್ನು ನೋಡಿ ಬಾಗಿಲು ಹಾಕಿದರೆ ಅಪರಾಧ. (ಆಗಲೇಬೇಕು.) ತಲೆಯೊಳಗಿನದನ್ನು ನೋಡಿ ಹಾಕಿದರೆ ಕಮಿಟಿಯ ಮರ್ಜಿ. ಇದು ಯಾವ ಸೀಮೆಯ ನ್ಯಾಯ?

ಗ್ರಹಣದ ದಿನ ಗಿರಿಜಾ ಕತ್ತಲೆ ಕೋಣೆ ಸೇರಿದಳು. ಮುಂಜಾನೆಯಿಂದ ಗುಟುಕು ನೀರಿಲ್ಲ. ಹೊರಗೆ ಬಿಸಿಲಿಗೆ ಬೂದಿ ಬಣ್ಣ ಬರುತ್ತಿತ್ತು. ಅವ್ವನ ಕಣ್ಣು ತಪ್ಪಿಸಿ ತಂಬಿಗೆ ಹಿಡಿದು ಹೋದೆ.

"ಎಲ್ಲಾರೂ ಕುಡದಿದ್ರ ನಾನೂ ಕುಡೀತಿದ್ದೆ ಅಣ್ಣಾ. ಒಬ್ಬಾಕೀನ ಹೆಂಗ ಕುಡೀಲಿ? ಕೂಸಿಗೆ ಏನರ ಆದ್ರ ಜನ್ಮಾಪೂರ್ತಿ ನನಗ ಬೈತಾರ."

ನಾಲ್ಕು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ಧೈರ್ಯ ಮಾಡಲಿ ಎಂದೇ ಅಲ್ಲವೇ ಆ ಭವನ ಬೇಕಾಗಿದ್ದು? ತಂಬಿಗೆ ಹಾಗೇ ಹಿಂದಕ್ಕೆ ತಂದೆ.

ಸಂಜೆ ಗ್ರಹಣ ಬಿಟ್ಟಿತು. ಎದ್ದು ನಿಂತ ಗಿರಿಜಾ ತಲೆ ತಿರುಗಿ ದೊಪ್ಪನೆ ಬಿದ್ದಳು. ನಾನು ದವಾಖಾನೆಗೆ ಓಡಿದೆ. ಅದೇ ಡಾಕ್ಟರು ಓಡಿಬಂದು ಸಲಾಯಿನ್ ಹಚ್ಚಿದರು. "ಹೊಟ್ಟ್ಯಾಗ ನೀರಿಲ್ಲದಕ್ಕ ಹಿಂಗಾಗೇತ್ರಿ," ಎಂದರು. ದೇವರು ದೊಡ್ಡವನು, ತಾಯಿಯೂ ಕೂಸೂ ಪಾರಾದರು.

ಮರುದಿನ ಬಸಣ್ಣ ಕಾಕಾ ಎಳನೀರು ಹಿಡಿದು ಬಂದರು. ಪಾಪ, ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

"ನೋಡಿದೇನ ತಮ್ಮಾ ಗ್ರಹಣದ ಪ್ರಭಾವ? ಒಳಗ ಮಲಗಿದಾಕೀಗೇ ಹಿಂಗಾತು. ಹಾಲ್ ಕೊಡದ ಇದ್ದದ್ದ ಚಲೋ ಆತಿಲ್ಲೋ!"

ಇದಕ್ಕೆ ನನ್ನ ಹತ್ತಿರ ಅಗದಿ ಸರಿಯಾದ ಉತ್ತರವಿದೆ. ಆದರೆ ಊರನ್ನು ಕೂಡಿಸಿ ಅದನ್ನು ಹೇಳಲು ನನಗೆ ಜಾಗ ಕೊಡುವವರು ಯಾರು?