ಮರದ ನೂಲಿನ ಮಡಿ ಸೀರೆ

ನಮ್ಮ ಮನೆಯಲ್ಲಿ ಬೆಳಿಗ್ಗೆ ಐದಕ್ಕೆ ಎಲ್ಲರೂ ಎದ್ದಿರಬೇಕಿತ್ತು. ಈ ನಿಯಮ ತಂದೆಯವರದಲ್ಲ, ಅವರ ಅಕ್ಕನದು. ಗಂಡ ತೀರಿಕೊಂಡ ಮೇಲೆ ಜಯನಗರದ ನಮ್ಮ ಮನೆಗೆ ಬಂದಿದ್ದ ಅತ್ತೆ, ತಮ್ಮನ ಸಂಪಾದನೆಯಲ್ಲಿ ಕುಳಿತು ಉಣ್ಣುವವರಲ್ಲ. ಸುತ್ತಲಿನ ಮನೆಗಳಿಗೆ ಹೋಗಿ ವ್ರತ, ಹಬ್ಬ, ಶ್ರಾದ್ಧಗಳಿಗೆ ಮಡಿಯಲ್ಲಿ ಅಡುಗೆ ಮಾಡಿಕೊಡುತ್ತಿದ್ದರು. ಹೇಳಿದ ಹೊತ್ತಿಗೆ ಐದು ನಿಮಿಷ ಮೊದಲೇ ಬಾಗಿಲಲ್ಲಿರುತ್ತಿದ್ದರು. ಮುಂದೆ ನಾನು ಶಾಲೆಯಲ್ಲಿ ಪಾಠ ಹೇಳಿದಷ್ಟು ವರ್ಷವೂ ಗಂಟೆ ಹೊಡೆಯುವ ಮೊದಲೇ ತರಗತಿಯಲ್ಲಿ ಇರುತ್ತಿದ್ದೆ. ಆ ಅಭ್ಯಾಸ ಅವರದೇ.

ಮಡಿಯ ವಿಷಯದಲ್ಲಿ ಹತ್ತಿಗೂ ರೇಷ್ಮೆಗೂ ಬೇರೆ ಬೇರೆ ಕಟ್ಟಳೆ. ಹತ್ತಿ ಸೀರೆಯನ್ನು ಅಂದಂದೇ ಒಗೆದು, ಯಾರೂ ಮುಟ್ಟದ ಹಾಗೆ ಒಣಗಿಸಿ ಉಡಬೇಕು. ರೇಷ್ಮೆಯನ್ನು ಮಡಿಸಿ ಎತ್ತಿಟ್ಟು ಮತ್ತೆ ಉಡಬಹುದು. ಪರರ ಮನೆಗೆ ಅಡುಗೆಗೆ ಹೋಗುವವರಿಗೆ ರೇಷ್ಮೆ ಎಷ್ಟು ಅನುಕೂಲವೆಂದು ಬೇರೆ ಹೇಳಬೇಕಿಲ್ಲ. ಅತ್ತೆಯ ಬಳಿ ಇದ್ದದ್ದು ಒಂದೇ ರೇಷ್ಮೆ ಸೀರೆ. ಅದೂ ಅರವತ್ತರ ದಶಕದ ಮೊದಲಲ್ಲಿ ಮಡಿಕೆ ಮಡಿಕೆಗೂ ಬಿರಿಯಿತು. ಹೊಸದು ಕೈಗೆಟುಕುವಂತಿರಲಿಲ್ಲ. ಆದರೆ ಕನಕಪುರ ರಸ್ತೆಯಲ್ಲಿ ರೇಷ್ಮೆಗೂಡಿನ ಬುಟ್ಟಿ ಹೇರಿದ ಗಾಡಿಗಳು ನಮ್ಮ ಕಣ್ಣೆದುರೇ ಸಾಗುತ್ತಿದ್ದವು.

ತಂದೆಯವರು ನೂಲಿನ ಸಗಟು ಅಂಗಡಿಯಲ್ಲಿ ಗುಮಾಸ್ತರು. ಯಾವ ದೇಶದಿಂದ ಯಾವ ನೂಲು ಹಡಗು ಹತ್ತಿತು ಎಂಬುದು ನಮ್ಮ ಮನೆಯ ಊಟದ ಹೊತ್ತಿನ ಮಾತು.

“ಅಮೆರಿಕದ ಹೆಂಗಸರು ರೇಷ್ಮೆ ಕಾಲುಚೀಲ ಬಿಟ್ಟು ಯಾವತ್ತೋ ನೈಲಾನ್‌ಗೆ ಹೋದ್ರು ಅಕ್ಕ,” ಎಂದರು ಒಂದು ದಿನ.

“ಹಾಗಾದ್ರೆ ರೇಷ್ಮೆ ಮಿಕ್ಕಿ ಅಗ್ಗ ಆಗ್ಬೇಕಿತ್ತಲ್ಲೋ?”

“ಕೇಳೋರು ಕಮ್ಮಿ ಆದ್ರು ಅಂತ ತೆಗೆಯೋರೂ ಕಮ್ಮಿ ತೆಗೀತಾರೆ. ಇಲ್ಲಿ ಮದುವೆಗಳೇನು ಕಮ್ಮಿ ಆಗಿದ್ಯಾ? ಅದಕ್ಕೇ ಮಗ್ಗದೋರು ಹಡಗಲ್ಲಿ ಬರೋ ಆರ್ಟ್ ಸಿಲ್ಕ್, ಅಂದ್ರೆ ನಕಲಿ ರೇಷ್ಮೆ ನೂಲು, ಹಿಡ್ಕೊಂಡಿದಾರೆ. ಆ ಹಡಗು ತಡವಾದ್ರೆ ಮಗ್ಗವೇ ನಿಂತು ಹೋಗತ್ತೆ.”

“ಯಾರ ಕಾಲುಚೀಲಕ್ಕೋ ನನ್ನ ಮಡಿ ಕೆಟ್ಟಿತು ಅನ್ನು,” ಎಂದು ಅತ್ತೆ ಎರಡನೇ ಸಲ ಸಾರು ಬಡಿಸಿದರು.

ಹೀಗಿರುವಾಗ ನಾಲ್ಕನೇ ಬ್ಲಾಕಿನ ದೊಡ್ಡ ಮನೆಯೊಂದರ ಯಜಮಾನಿ, ಮಗಳ ಮದುವೆಯ ಅಡುಗೆಗೆ ಮೆಚ್ಚಿ ಅತ್ತೆಗೆ ರೇಷ್ಮೆಯೆಂದೇ ಒಂದು ಸೀರೆ ಕೊಟ್ಟರು. ಕಂದು ಬಣ್ಣ, ಸಣ್ಣ ಅಂಚು. ಅದೇ ಅಂಗಡಿಯಲ್ಲಿ, ಅದೇ ದಿನ ತಮಗೂ ಅಂಥದ್ದೇ ಒಂದು ತೆಗೆದುಕೊಂಡಿದ್ದರು. ಅತ್ತೆ ತಮ್ಮದನ್ನು ಉಡದೆ, ಅದೇ ಮನೆಯ ಶ್ರಾದ್ಧಕ್ಕೆಂದು ಟ್ರಂಕಿನಲ್ಲಿಟ್ಟರು. ಆ ಯಜಮಾನಿಯ ಒಂದು ಮಾತಿನಿಂದಲೇ ಅತ್ತೆಗೆ ಆ ಸುತ್ತಿನ ಉಳಿದ ಮನೆಗಳೂ ಸಿಕ್ಕಿದ್ದವು.

ಶ್ರಾದ್ಧಕ್ಕೆ ಎರಡು ದಿನವಿದ್ದಾಗ ಅತ್ತೆ ಸೀರೆ ತೆಗೆದು ನೋಡಿದರು. ಮಡಿಸಿದ ಗೆರೆಗಳು ಕಾಗದದ ಮೇಲೆ ಬಿದ್ದಂತೆ ಬಿದ್ದಿದ್ದವು. ಅನುಮಾನ ಬಂದು ಅತ್ತೆ ಸೆರಗಿನ ತುದಿಯಿಂದ ಒಂದು ಎಳೆ ಕಿತ್ತು ಒಲೆಯ ಉರಿಗೆ ಹಿಡಿದರು. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಇದು ಭಗ್ಗನೆ ಹೊತ್ತಿ ಉರಿದು, ಕಾಗದದ ವಾಸನೆ ಬಿಟ್ಟು, ಬೂದಿಯಾಯಿತು.

ತಂದೆಯವರು ಇನ್ನೊಂದು ಎಳೆ ಕಿತ್ತು ಬೆಳಕಿಗೆ ಹಿಡಿದು ನೋಡಿದರು. ಅವರ ಮುಖದಲ್ಲಿ ಬೇಸರಕ್ಕಿಂತ ಮೆಚ್ಚುಗೆ ಹೆಚ್ಚಿತ್ತು. “ಇದು ಆ ಆರ್ಟ್ ಸಿಲ್ಕೇ. ಮರದ ತಿರುಳು ಅಕ್ಕ! ಮರವನ್ನ ಕರಗಿಸಿ ಈ ಹೊಳಪು ತೆಗೆದಿದಾರೆ. ಹುಳ ಮಾಡೋ ಕೆಲಸ ಮನುಷ್ಯ ಮಾಡಿದಾನೆ, ನೋಡು.”

“ಮರವೋ? ಯಾವ ಜೀವವೂ ಸತ್ತಿಲ್ವೋ?”

“ಒಂದೂ ಇಲ್ಲ.”

ಅತ್ತೆ ಬೂದಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು. “ಹಾಗಾದ್ರೆ ಇದು ಹತ್ತಿ ಜಾತಿ. ಒಗೆದು ಒಣಗಿಸಿ ಉಟ್ರೆ ಮಡಿ. ರೇಷ್ಮೆ ಅಂದ್ಕೊಂಡು ಹಾಗೇ ಉಟ್ರೆ ಮಡಿಯಲ್ಲ.”

ಯಾವ ಶಾಸ್ತ್ರದಲ್ಲೂ ಇಲ್ಲದ ಪ್ರಶ್ನೆಗೆ ಒಲೆಯ ಮುಂದೆ ಕುಳಿತು ಎರಡು ನಿಮಿಷದಲ್ಲಿ ತೀರ್ಮಾನ ಕೊಟ್ಟರು. ತರಗತಿಯಲ್ಲಿ ನಾರುಗಳ ಪಾಠ ಮಾಡುವಾಗ ಗಿಡದ್ದು ಯಾವುದು, ಪ್ರಾಣಿಯದು ಯಾವುದು ಎಂದು ನಾನು ಇಷ್ಟು ಚೊಕ್ಕವಾಗಿ ಹೇಳಿದ್ದಿಲ್ಲ.

“ನೀವು ಹತ್ತಿ ಸೀರೆ ಉಟ್ಟು ಅಡುಗೆ ಮುಗಿಸಿ ಬಂದುಬಿಡಿ. ಈ ವಿಷಯ ಎತ್ತಲೇಬೇಡಿ,” ಎಂದೆ ನಾನು.

“ಆ ಮನೆಯಮ್ಮನೂ ಅಂಥದ್ದೇ ಉಟ್ಟು ಬಡಿಸ್ತಾರಲ್ಲೇ! ಗೊತ್ತಿದ್ದೂ ಬಾಯಿ ಮುಚ್ಕೊಂಡು ಇದ್ರೆ ನಾನು ಎಂಥ ಅಡುಗೆಯೋಳು?”

“ಮುನಿಸಿಕೊಂಡ್ರೆ? ಅವರು ಕೊಟ್ಟಿದ್ದನ್ನೇ ಸುಳ್ಳು ಅಂದ ಹಾಗಾಗತ್ತೆ.”

“ಮುನಿಸಿಕೊಂಡ್ರೆ ಆ ಬೀದಿ ಪೂರ್ತಿ ಹೋಯ್ತು,” ಎಂದು ಅತ್ತೆ ಸೀರೆ ಮಡಿಸಿದರು. ಅದನ್ನು ಟ್ರಂಕಿಗೆ ಹಾಕದೆ, ಅಡುಗೆಗೆ ಒಯ್ಯುವ ಚೀಲಕ್ಕೆ ಹಾಕಿದರು.

ಶ್ರಾದ್ಧ ಭಾನುವಾರ ಬಿದ್ದಿತ್ತು. ತರಕಾರಿ ಹೆಚ್ಚಿಕೊಡಲು ನಾನೂ ಹೊರಟೆ. ಎಂಟಕ್ಕೆ ಒಲೆ ಹಚ್ಚಬೇಕಾದ ಮನೆಗೆ ನಾವು ಐದೂವರೆಗೇ ಹೋದೆವು. ಯಜಮಾನಿ ಕಂದು ಸೀರೆಯುಟ್ಟು ದೇವರ ಮನೆ ಸಾರಿಸುತ್ತಿದ್ದರು. ಅತ್ತೆ ಬಾಗಿಲಲ್ಲೇ ನಿಂತು ಚೀಲದಿಂದ ತಮ್ಮ ಸೀರೆ ತೆಗೆದು ಕೇಳಿದರು: “ಅಮ್ಮ, ಬಾವಿ ಹತ್ರ ಈ ಸೀರೆ ಒಗೆದು ಹರವಲೇ?”

“ರೇಷ್ಮೆ ಸೀರೆ ಒಗೀತೀರಾ? ತಲೆ ಕೆಟ್ಟಿದೆಯೇನ್ರೀ?”

“ಇದು ರೇಷ್ಮೆ ಅಲ್ಲಮ್ಮ. ಮರದ ನೂಲು. ಎಳೆ ಸುಟ್ಟು ನೋಡಿದೆ.”

ಯಜಮಾನಿ ಎದ್ದು ನಿಂತರು. ನಮ್ಮನ್ನು ನೋಡಿದರು, ತಮ್ಮ ಸೆರಗನ್ನು ನೋಡಿದರು. ಆ ಸೆರಗಿನ ಎಳೆಯೊಂದನ್ನು ತಾವೇ ಕಿತ್ತು ನೀಲಾಂಜನದ ಮೇಲೆ ಹಿಡಿದರು. ಮೂಗು ಹತ್ತಿರ ಒಯ್ದರು.

“ಅಯ್ಯೋ ಶಿವನೇ! ಇಷ್ಟು ತಿಂಗಳು ಕಾಗದ ಉಟ್ಕೊಂಡು ನೈವೇದ್ಯ ಮಾಡಿದ್ನೇನ್ರೀ?”

“ಕಾಗದ ಅಲ್ಲಮ್ಮ. ಹತ್ತಿ ಹಾಗೆ ಒಗೆದು ಉಡಿ, ದೇವರೇನೂ ಬೇಡ ಅನ್ನಲ್ಲ.”

“ಯಾರು ಹೇಳಿದ್ರು ಹಾಗಂತ?”

“ನಾನೇ,” ಎಂದರು ಅತ್ತೆ.

ಯಜಮಾನಿ ಒಳಗೆ ಹೋದರು. ಕೋಣೆಯ ಬಾಗಿಲು ಹಾಕಿಕೊಂಡ ಸದ್ದು ಕೇಳಿತು. ಚೀಲ ಎತ್ತಿಕೊಳ್ಳೋಣವೇ ಎಂದು ನಾನು ಕಣ್ಣಲ್ಲೇ ಕೇಳಿದೆ. ಅತ್ತೆ ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಯಜಮಾನಿ ಬೇರೆ ಸೀರೆ ಸುತ್ತಿಕೊಂಡು, ಕಂದು ಸೀರೆಯನ್ನು ತೋಳಿನ ಮೇಲೆ ಹಾಕಿಕೊಂಡು ಹೊರಬಂದರು.

“ಬನ್ರೀ ಬಾವಿ ಹತ್ರ. ಹೊತ್ತಾಯ್ತು.”

ಯಜಮಾನಿ ಸೀರೆ ನೆನೆಸಿದವರೇ ಕಲ್ಲಿಗೆ ಬಡಿಯಲು ಎತ್ತಿದರು. ಅತ್ತೆ ಅವರ ರಟ್ಟೆ ಹಿಡಿದೇಬಿಟ್ಟರು. “ಬಡೀಬೇಡಿ! ಒದ್ದೆಯಾದ್ರೆ ಇದಕ್ಕೆ ಜೀವ ಇರಲ್ಲ, ಹರಿದುಹೋಗತ್ತೆ. ನೂಲಿನ ಅಂಗಡಿಯಲ್ಲಿರೋ ನನ್ನ ತಮ್ಮ ಹೇಳಿದಾನೆ. ಹೀಗೆ, ಮೆತ್ತಗೆ ಹಿಂಡಿ.”

“ಹೀಗಾ?”

“ಇನ್ನೂ ಮೆತ್ತಗೆ. ಮಗೂನ ಮೈ ಒರೆಸೋ ಹಾಗೆ.”

ಇಬ್ಬರೂ ಸೀರೆ ಹರವಿ ಸ್ನಾನಕ್ಕೆ ಹೋದರು. ಬಿಸಿಲು ಚುರುಕಾಗಿತ್ತು. ಆ ಬಟ್ಟೆ ಒಣಗಿದ ಮೇಲೂ ಹೊಳಪು ಹೋಗಿರಲಿಲ್ಲ. ಅತ್ತೆ ಅದನ್ನುಟ್ಟು ಒಲೆ ಹಚ್ಚಿದಾಗ ಎಂಟು ಗಂಟೆ ದಾಟಿ ಹತ್ತು ನಿಮಿಷ. ಅತ್ತೆಯ ಜೀವನದಲ್ಲಿ ಅಷ್ಟು ತಡ ನಾನು ಕಂಡಿರಲಿಲ್ಲ. ಆದರೂ ಎಲೆ ಹಾಕುವ ಹೊತ್ತಿಗೆ ಎಲ್ಲ ಸಿದ್ಧವಿತ್ತು.

ಬ್ರಾಹ್ಮಣರ ಊಟ ಮುಗಿದು ನಾವು ಹೊರಡುವಾಗ ಯಜಮಾನಿ ಗೇಟಿನವರೆಗೆ ಬಂದರು. “ಬರೋ ತಿಂಗಳು ನಮ್ಮ ಓರಗಿತ್ತಿ ಮನೆ ವ್ರತ ಇದೆ. ಅಡುಗೆಗೆ ನೀವೇ ಬರ್ಬೇಕು. ಒಂದು ಗಂಟೆ ಮೊದಲೇ ಬನ್ನಿ. ಅವಳೂ ಅದೇ ಅಂಗಡೀಲಿ ಇಂಥ ಎರಡು ಸೀರೆ ತಗೊಂಡಿದಾಳೆ.”